ಅಡ್ಡ ಹಿಡಿದರೆ ಇದ್ದಾರೆ, ಉದ್ದ ಹಿಡಿದರೆ ಇಲ್ಲ

ಮನುಷ್ಯನಿಗೆ ಬಿರುದು ಯಾವ ದಾರಿಯಿಂದ ಬಂದು ಅಂಟಿಕೊಳ್ಳುತ್ತದೆ ಎಂದು ಹೇಳಲಾಗದು. ಜೇನು ಸಾಕುವವರ ಸಹಕಾರ ಸಂಘದ ಗುಮಾಸ್ತನಿಗೆ ಅದು ಬಂದದ್ದು ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಬಿದ್ದಿದ್ದ ಒಂದು ಕಾಗದದ ದಾರಿಯಿಂದ. ಸಂಘದವರೆಲ್ಲ ಸುತ್ತ ನಿಂತು, ಯಂತ್ರ ಕೆಟ್ಟಿತು, ಪೇಟೆಯಿಂದ ಜನ ಕರೆಸಬೇಕು ಎಂದು ಚಿಂತೆ ಮಾಡುತ್ತಿದ್ದಾಗ ಅವನು ಕೈಹಾಕಿ ಆ ಕಾಗದವನ್ನು ಎಳೆದ. ಅದು ಬಂತು. ಹೆಂಡತಿಯ ಊರಿನಲ್ಲೇ ನೆಲೆಸಿದ್ದರಿಂದ ಊರಿಗೆಲ್ಲ ಬರೀ ‘ಅಳಿಯ’ ಆಗಿದ್ದವನು ಅಂದಿನಿಂದ ‘ಕಂಪ್ಯೂಟರ್ ಅಳಿಯ’ ಆದ. ಅಷ್ಟೆಲ್ಲ ನನಗೆ ಬರುವುದಿಲ್ಲ ಎಂದು ಹೇಳಲು ಅವನಿಗೆ ಅವಕಾಶ ಸಿಗಲಿಲ್ಲ ಎನ್ನುವಂತಿಲ್ಲ. ವರ್ಷಗಟ್ಟಲೆ ಸಿಕ್ಕಿತ್ತು. ಆದರೆ ತಲೆಗೆ ತಾನಾಗಿ ಬಂದು ಕೂತ ಟೋಪಿಯನ್ನು ಯಾರು ತೆಗೆದಿಡುತ್ತಾರೆ?

ಅವನ ಸ್ವಂತ ಫೋನು ಮಾತ್ರ ಗುಂಡಿ ಒತ್ತುವ ಹಳೆಯ ಕಾಲದ್ದು. ಹೊಸದೊಂದು ಇತ್ತು. ಜೇನು ತೆಗೆಯುವ ಡ್ರಮ್ಮಿನೊಳಗೆ ಬಗ್ಗಿ ನೋಡುವಾಗ ಅಂಗಿಯ ಜೇಬಿನಿಂದ ಜಾರಿ ಜೇನಿನಲ್ಲಿ ಮುಳುಗಿತು. ಆಮೇಲೆ ಒರೆಸಿ ಒಣಗಿಸಿ ಕಿವಿಗಿಟ್ಟರೆ ಅದರಿಂದ ಇರುವೆ ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ. ಈ ಸಂಗತಿ ಚಿಕ್ಕದಾದರೂ ಮುಂದಿನದಕ್ಕೆಲ್ಲ ಇದೇ ಬೇರು.

ಸಂಘವನ್ನು ಕಟ್ಟಿದವರು ಇಬ್ಬರು. ಒಬ್ಬರು ಅಳಿಯನ ಮಾವ, ಅಂದರೆ ಹೆಂಡತಿಯ ಅಪ್ಪ. ಇನ್ನೊಬ್ಬರು ಈಗಿನ ಅಧ್ಯಕ್ಷರು, ಅಂದರೆ ಅತ್ತೆಯ ಒಡಹುಟ್ಟಿದ ತಮ್ಮ. ಭಾವ ಭಾವಮೈದುನ ಇಬ್ಬರೂ ಒಂದು ಕಾಲದಲ್ಲಿ ಒಂದೇ ಬೀಡಿಯನ್ನು ಹಂಚಿ ಸೇದಿದವರು. ಒಂದು ವಸಂತದಲ್ಲಿ ಮಾವನ ಪೆಟ್ಟಿಗೆಯಿಂದ ಒಂದು ಹಿಂಡು ಜೇನು ಎದ್ದು ಹೋಗಿ ಭಾವಮೈದುನನ ಕೊಟ್ಟಿಗೆಯ ಸೂರಿಗೆ ಕೂತಿತು. ರಾಣಿ ನನ್ನದು, ಹಿಂಡೂ ನನ್ನದು ಎಂದರು ಮಾವ. ಕರೆಯದೆ ಬಂದದ್ದನ್ನು ಕಳಿಸುವುದು ನಮ್ಮ ಮನೆತನದಲ್ಲಿಲ್ಲ ಎಂದರು ಭಾವಮೈದುನ. ಆ ಹಿಂಡಿನ ಹುಳುಗಳು ಸತ್ತು ಎಷ್ಟೋ ತಲೆಮಾರು ಕಳೆಯಿತು. ಜಗಳ ಮಾತ್ರ ಹಳೆಯ ರಾಣಿ ಸತ್ತರೆ ಹೊಸ ರಾಣಿ ಮಾಡಿಕೊಂಡು ಬದುಕಿಯೇ ಇತ್ತು. ನಡುವೆ ನಷ್ಟವಾದದ್ದು ಅತ್ತೆಗೆ. ಊರಿನ ಇನ್ನೊಂದು ತುದಿಯಲ್ಲೇ ಇದ್ದ ತವರಿನ ಹೊಸ್ತಿಲನ್ನು ಆಕೆ ಮೆಟ್ಟಿರಲಿಲ್ಲ.

ಈಗ ಅಧ್ಯಕ್ಷರ ಮೊಮ್ಮಗಳಿಗೆ ಮದುವೆ ಗೊತ್ತಾಗಿತ್ತು. ಅಧ್ಯಕ್ಷರು ತಾವೇ ಬಂದು ಜಗುಲಿಯ ತುದಿಯಲ್ಲಿ ಕೂತು, ನೀರು ಕುಡಿದು, ಅಕ್ಕನನ್ನು ಕರೆದಿದ್ದರು. ಮಾವ ಗೋಡೆಯ ಕಡೆ ನೋಡುತ್ತ, ಹೋಗುವವರನ್ನು ನಾನೇನು ಹಿಡಿದುಕೊಂಡಿಲ್ಲ ಎಂದಿದ್ದರು. ಅವರ ಮಟ್ಟಿಗೆ ಅದು ಅಪ್ಪಿಕೊಂಡಂತೆ. ಅತ್ತೆ ಅಂದೇ ಅಟ್ಟದಿಂದ ಪೆಟ್ಟಿಗೆ ಇಳಿಸಿ ಬಟ್ಟೆ ಜೋಡಿಸತೊಡಗಿದ್ದರು. ಈ ರಾಜಿಯ ಗುರುತಿಗೆ ಸಂಘದ ಅಂಗಳದಲ್ಲಿ ಒಂದು ಫೋಟೋ ಆಯಿತು. ತೆಗೆದವರು ಶಾಲೆಯ ಮೇಷ್ಟ್ರು. ಯಾರು ಯಾರ ಪಕ್ಕಕ್ಕೆ ಹೋಗಿ ನಿಲ್ಲಬೇಕು ಎಂಬುದು ತೀರ್ಮಾನವಾಗದೆ ಮಾವ ಎಡದ ತುದಿಯಲ್ಲಿ ನಿಂತರು, ಅಧ್ಯಕ್ಷರು ಬಲದ ತುದಿಯಲ್ಲಿ. ಅವರವರ ಕಡೆಯ ಸದಸ್ಯರು ಅವರವರಿಗೆ ಅಂಟಿಕೊಂಡರು. ನಡುವೆ ಒಂದು ಗಾಡಿ ಹೋಗುವಷ್ಟು ಜಾಗ ಉಳಿಯಿತು. ಅಲ್ಲಿ ಜೇನು ತೆಗೆಯುವ ಡ್ರಮ್ಮನ್ನು ಇಟ್ಟರು. ಡ್ರಮ್ಮು ವಾಲುತ್ತದೆ ಎಂಬ ನೆಪದಿಂದ, ಯಾರೂ ಕೇಳದಿದ್ದರೂ, ಅಳಿಯ ಹೋಗಿ ಅದರ ಹಿಂದೆ ನಿಂತು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು ಹಲ್ಲು ತೋರಿಸಿದ.

ಮುಂದಿನ ಸಭೆಯಲ್ಲಿ ಅಧ್ಯಕ್ಷರು, ಪಕ್ಕದ ಸಂಘದ ವೆಬ್‌ಸೈಟಿನಲ್ಲಿ ಚಿತ್ರಗಳು ಒಂದಾದ ಮೇಲೊಂದು ತಾವೇ ಜಾರಿ ಬರುತ್ತವೆ, ನಮ್ಮದು ಬೇಲಿಗೂಟದ ಹಾಗೆ ನಿಂತಲ್ಲೇ ನಿಂತಿದೆ ಎಂದು ಬೇಸರ ಮಾಡಿಕೊಂಡರು. ಪೇಟೆಯವನೊಬ್ಬನನ್ನು ಕರೆಸೋಣ ಎಂದರು ಮಾವ. ಆಗಲಿ ಎಂದರು ಅಧ್ಯಕ್ಷರು. ಆ ಇಬ್ಬರು ಒಂದೇ ಮಾತಿಗೆ ತಲೆಯಾಡಿಸಿದ್ದನ್ನು ಕಂಡು ಸಭೆ ಬೆರಗಾಗಿ ಕೂತಿದ್ದಾಗ ಅಳಿಯನಿಗೆ ತಲೆಯ ಮೇಲಿನ ಟೋಪಿ ತುರಿಸಿತು.

“ಅದಕ್ಕೆ ಪೇಟೆಯವರು ಯಾಕೆ ಮಾವ,” ಎಂದ. “ನಾನೇ ಮಾಡ್ತೀನಿ. ಕೂತು ಏಳೋ ಅಷ್ಟರಲ್ಲಿ ಆಗೋ ಕೆಲಸ.”

ಕೂತದ್ದು ನಿಜ. ಏಳುವುದು ತಡವಾಯಿತು. ಅವನ ಗುರು ಕಂಪ್ಯೂಟರಿನ ವೀಡಿಯೋದೊಳಗೆ ಬಂದು ಪಟಪಟ ಮಾತಾಡುವ ಒಬ್ಬ ತರುಣ. ಅಳಿಯ ಮೊದಲು ಫೋಟೋಗಳನ್ನು ಬಂದ ಹಾಗೆಯೇ ಏರಿಸಿದ. ಅವು ಎಷ್ಟು ಭಾರವಾದವೆಂದರೆ, ಗುಡ್ಡದಾಚೆಯ ಸದಸ್ಯನೊಬ್ಬ ಸೈಟು ತೆರೆಯಲು ಒತ್ತಿ, ಹೋಗಿ ಹಾಲು ಕರೆದು ಬಂದು ನೋಡಿದರೆ ಅಧ್ಯಕ್ಷರ ಟೋಪಿಯವರೆಗೆ ಮಾತ್ರ ಇಳಿದಿತ್ತಂತೆ. ಫೋಟೋ ಹಗುರ ಮಾಡು, ಬೇರೆಯವರು ಬರೆದಿಟ್ಟ ಕೋಡಿನ ದೊಡ್ಡ ಗಂಟನ್ನೆಲ್ಲ ತಂದು ಕಟ್ಟಬೇಡ, ನಾಲ್ಕು ಸಾಲು ಕೋಡು ಸಾಕು ಎಂದ ಗುರು. ಅಳಿಯ ಹಾಗೇ ಮಾಡಿದ. ಈ ಒಂದು ಸಾಲು ಸೇರಿಸು, ಎಂಥ ಪರದೆಯಲ್ಲೂ ಚಿತ್ರ ಅಂಚಿನಿಂದ ಅಂಚಿಗೆ ತುಂಬಿ ನಿಲ್ಲುತ್ತದೆ ಎಂದ ಗುರು. ಪೆಟ್ಟಿಗೆಯ ಚೌಕಟ್ಟಿನ ತುಂಬ ಜೇನುಹುಳು ಎರಿ ಕಟ್ಟಿದ್ದನ್ನು ಕಂಡಷ್ಟು ಸಂತೋಷವಾಗಿ ಅಳಿಯ ಅದನ್ನೂ ಸೇರಿಸಿದ. “ಆದರೆ,” ಎಂದು ಗುರು ಮುಂದುವರಿಸಿದ. ಸರಿಯಾಗಿ ಆ ಹೊತ್ತಿಗೆ ಹೊರಗೆ ಜೇನಿನ ಕ್ಯಾನು ಹೊತ್ತ ಗಾಡಿ ಬಂತು, ಅಳಿಯ ಎದ್ದು ಹೋದ. ಲೋಕದಲ್ಲಿ ಎಷ್ಟೋ ಮನೆಗಳು ಮುರಿದಿರುವುದು ‘ಆದರೆ’ಯ ಮುಂದಿನ ಮಾತನ್ನು ಕೇಳದೆ ಎದ್ದು ಹೋದವರಿಂದ.

ಖಾಲಿ ಕೋಣೆಗೆ ಗುರು ಹೇಳಿದ್ದು ಇಷ್ಟು: ಪರದೆ ಕಿರಿದಾದರೆ ತುಂಬಿ ನಿಲ್ಲುವ ಚಿತ್ರ ಎರಡೂ ಅಂಚುಗಳನ್ನು ಕಳೆದುಕೊಳ್ಳುತ್ತದೆ. ಉಳಿಯುವುದು ನಡುವಿನದು.

ಸಂಘದ ಕಚೇರಿಯ ಕಂಪ್ಯೂಟರಿನ ಪರದೆ ಅಗಲವಾದದ್ದು. ಅದರಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತು. ಮೊದಲು ಹೂವಿನ ಮೇಲೆ ಕೂತ ಜೇನುಹುಳು, ಆಮೇಲೆ ಜೇನಿನ ಬಾಟಲಿಗಳ ಸಾಲು, ಆಮೇಲೆ ಬಯಲಲ್ಲಿಟ್ಟ ಪೆಟ್ಟಿಗೆಗಳು, ಕೊನೆಗೆ ಆ ಫೋಟೋ, ಅದರ ಕೆಳಗೆ ಅಳಿಯ ತಾನೇ ಯೋಚಿಸಿ ಬರೆದ ಸಾಲು: ‘ಸಂಘವನ್ನು ಕಟ್ಟಿ ಬೆಳೆಸಿದ ಹಿರಿಯರು.’ ಅಳಿಯ ಕೈಕಟ್ಟಿಕೊಂಡು ಆ ನಾಲ್ಕನ್ನೂ ಊಟದ ಹೊತ್ತು ಮೀರುವವರೆಗೆ ನೋಡಿದ. ಆಮೇಲೆ ಸದಸ್ಯರೆಲ್ಲರಿಗೂ ಸುದ್ದಿ ಕಳಿಸಿದ. ಅವರು ಅದನ್ನು ನೋಡಿದ್ದು ಫೋನಿನಲ್ಲಿ.

ಮರುದಿನ ಬೀದಿಗಿಳಿದವನಿಗೆ ಗಾಳಿಯೇ ಬೇರೆಯಾಗಿ ಬೀಸಿತು. ಬ್ರೆಡ್ಡಿನ ಅಂಗಡಿಯಾಕೆ, ನಮಸ್ಕಾರ ಹಿರಿಯರೇ, ಇಷ್ಟು ದಿನ ತಿಳಿಯದೆ ನಿಮ್ಮನ್ನ ಸರದಿಯಲ್ಲಿ ನಿಲ್ಲಿಸಿದೆ, ತಪ್ಪಾಯ್ತು ಎಂದಳು. ಕೆಲಸ ಮೆಚ್ಚಿದ್ದಾಳೆ ಎಂದುಕೊಂಡು ಅಳಿಯ, ಇರಲಿ ಬಿಡಮ್ಮ ಎಂದು ದೊಡ್ಡ ಮನಸ್ಸು ತೋರಿಸಿದ. ಕ್ಷೌರದವನು ಬೇರೆ ಗಿರಾಕಿಯನ್ನು ಅರ್ಧ ಗಡ್ಡಕ್ಕೆ ಎಬ್ಬಿಸಿ ಕುರ್ಚಿ ಒರೆಸಿ ಇವನನ್ನು ಕೂರಿಸಿದ. ಇಡೀ ಸಂಘವನ್ನು ಒಂದೇ ಕೈಯಲ್ಲಿ ಕಟ್ಟಿದಿರಂತೆ, ಆಗ ನಿಮಗೆ ಹಾಲುಹಲ್ಲು ಬಿದ್ದಿತ್ತೋ ಇಲ್ಲವೋ ಎಂದು ಕೇಳಿದ. ಕುರ್ಚಿಯ ಸುತ್ತ ಇದ್ದವರು ಕೆಮ್ಮಿದರು. ಒಂದೇ ಕೈಯಲ್ಲಿ ಎಂಬುದು ಜಾರುವ ಚಿತ್ರದ ಕೆಲಸಕ್ಕೆ ಹೇಳಿದ್ದೆಂದು ತಿಳಿದು ಅಳಿಯ ಕತ್ತಿಯ ಕೆಳಗಿನಿಂದಲೇ, ಯಾರ ಸಹಾಯವನ್ನೂ ತಗೊಳ್ಳಲಿಲ್ಲ ನೋಡಿ, ಎಲ್ಲ ನಾನೊಬ್ಬನೇ ಎಂದ. ಕ್ಷೌರದವನು ಕತ್ತಿ ಪಕ್ಕಕ್ಕಿಟ್ಟು ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತಿದ್ದ.

ಕಚೇರಿಗೆ ಬಂದರೆ ಮಾವ ಆಗಲೇ ಬಂದು ಕೂತಿದ್ದರು. ಕೈಯಲ್ಲಿ ಮಗಳ ಫೋನು.

“ಅಳಿಯಂದಿರೇ,” ಎಂದರು. ಆ ‘ಅಂದಿರು’ ಕೇಳಿ ಅವನು ಕೂರಲು ಎಳೆದ ಕುರ್ಚಿಯನ್ನು ಮತ್ತೆ ಒಳಗೆ ತಳ್ಳಿದ. “ಇದರಲ್ಲಿ ನಾನೆಲ್ಲಿದ್ದೀನಿ, ತೋರಿಸಿ.”

ಅಳಿಯ ನೋಡಿದ. ಪರದೆಯಲ್ಲಿ ಬಾಟಲಿಗಳ ಸಾಲು ಇತ್ತು. ಇಬ್ಬರೂ ಕಾದರು. ಪೆಟ್ಟಿಗೆಗಳು ಬಂದು ಹೋದವು. ಆಮೇಲೆ ಡ್ರಮ್ಮು ಬಂತು. ಡ್ರಮ್ಮಿನ ಹಿಂದೆ ಅಳಿಯ. ಎಡಕ್ಕೆ ಯಾರೂ ಇಲ್ಲ, ಬಲಕ್ಕೆ ಯಾರೂ ಇಲ್ಲ. ಮೂವತ್ತೆರಡು ಹಲ್ಲು ತೋರಿಸಿಕೊಂಡು ಅವನೊಬ್ಬನೇ, ಕೆಳಗೆ ‘ಸಂಘವನ್ನು ಕಟ್ಟಿ ಬೆಳೆಸಿದ ಹಿರಿಯರು.’ ಬ್ರೆಡ್ಡಿನ ಅಂಗಡಿ, ಕ್ಷೌರದ ಕುರ್ಚಿ, ಕೆಮ್ಮು, ಎಲ್ಲ ಒಟ್ಟಿಗೇ ಅವನ ಕಿವಿಯಲ್ಲಿ ಇನ್ನೊಮ್ಮೆ ಆಗಿಹೋದವು. ಮುಖ ಕಾದ ಕಾವಲಿಯಾಯಿತು. ಅಷ್ಟರಲ್ಲಿ ಚಿತ್ರ ಜಾರಿ ಹೂವಿನ ಮೇಲಿನ ಹುಳು ಬಂತು.

ಇದು ಫೋನಿನ ದೋಷ, ಇಲ್ಲಿ ಬನ್ನಿ ಮಾವ ಎಂದು ಅವರನ್ನು ಕಂಪ್ಯೂಟರಿನ ಮುಂದೆ ಕರೆದೊಯ್ದ. ಅಲ್ಲಿ ಮಾವ ಇದ್ದರು, ಎಡದ ತುದಿಯಲ್ಲಿ, ನೆಟ್ಟಗೆ. ಆದರೆ ಮಾವನ ತರ್ಕ ಬೇರೆಯೇ ದಾರಿ ಹಿಡಿಯಿತು. ಕಚೇರಿಯೊಳಗೆ ನಮಗೆ ತೋರಿಸಲು ಒಂದು, ಊರಿಗೆ ತೋರಿಸಲು ಇನ್ನೊಂದು. ಇಂಥ ಬುದ್ಧಿ ಅಳಿಯನದಲ್ಲ, ಹೇಳಿಕೊಟ್ಟವರು ಇದ್ದಾರೆ.

ಹೇಳಿಕೊಟ್ಟವರೆಂದು ಅವರು ನೆನೆದವರೇ ಅಷ್ಟು ಹೊತ್ತಿಗೆ ಬಾಗಿಲಲ್ಲಿ ಕಾಣಿಸಿಕೊಂಡರು. ಅಧ್ಯಕ್ಷರ ಫೋನು ಸ್ವಲ್ಪ ಅಗಲದ್ದು. ಅದರಲ್ಲಿ ಅವರ ಒಂದು ಮೊಣಕೈ ಉಳಿದಿತ್ತು.

“ಏನಪ್ಪಾ,” ಎಂದರು ಮೆತ್ತಗೆ, “ಇಷ್ಟು ವರ್ಷದ ದುಡಿಮೆಗೆ ಮೊಣಕೈ ಉಳಿಸಿದ್ದೀಯ. ಅದಾದರೂ ಯಾಕೆ ಬಿಟ್ಟೆ? ಅದನ್ನೂ ಕತ್ತರಿಸು ಅನ್ನೋಕೆ ನಿಮ್ಮ ಮಾವನಿಗೆ ಮರೆತುಹೋಯ್ತಾ?”

ಮಾವ ಎದ್ದರು. ಮೊಣಕೈಯಾದರೂ ಇದೆಯಲ್ಲ ನಿನ್ನದು, ನನ್ನದು ಉಗುರೂ ಇಲ್ಲ ಎಂದರು. ಯಾರದು ಎಷ್ಟು ಉಳಿದಿದೆ ಎಂದು ಎರಡು ಫೋನನ್ನೂ ಪಕ್ಕಪಕ್ಕ ಹಿಡಿದು ನೋಡುವಷ್ಟರಲ್ಲಿ ಎರಡರಲ್ಲೂ ಚಿತ್ರ ಜಾರಿಹೋಯಿತು. ಇಲ್ಲಿ ಒಂದು ವಿಚಿತ್ರ ನಡೆಯಿತು. ಜಗಳಕ್ಕೆ ಸಾಕ್ಷಿ ಬೇಕಲ್ಲ, ಸಾಕ್ಷಿ ತಿರುಗಿ ಬರುವವರೆಗೆ ಇಬ್ಬರೂ ಬಾಯಿ ಮುಚ್ಚಿಕೊಂಡು ನಿಲ್ಲಬೇಕಾಯಿತು. ಹುಳು ಬಂತು, ಹೋಯಿತು. ಬಾಟಲಿ ಬಂತು, ಹೋಯಿತು. ಪೆಟ್ಟಿಗೆ ಬಂದಾಗ ಇಬ್ಬರೂ ಗಂಟಲು ಸರಿಮಾಡಿಕೊಂಡರು. ಡ್ರಮ್ಮು ಬಂದದ್ದೇ ತಡ ಬೈಗುಳ ಶುರುವಾಯಿತು, ಹುಳು ಬಂದೊಡನೆ ನಿಂತಿತು. ಸುದ್ದಿ ಕೇಳಿ ಬಂದ ಸದಸ್ಯರು ಈ ತಾಳಕ್ಕೆ ಹೊಂದಿಕೊಂಡು, ಬಾಟಲಿಯ ಹೊತ್ತಿನಲ್ಲಿ ಹೊರಗೆ ಹೋಗಿ ಉಗುಳಿ ಬರತೊಡಗಿದರು.

ಹೀಗೆ ಕಾಯುವಾಗ ಮಾವನ ಕೈ ಸೋತು ಫೋನು ಅಡ್ಡವಾಯಿತು. ಆಗ ಡ್ರಮ್ಮು ಬಂತು, ಅದರೊಂದಿಗೆ ಎಡದ ತುದಿಯಲ್ಲಿ ಮಾವ, ಬಲದ ತುದಿಯಲ್ಲಿ ಅಧ್ಯಕ್ಷರು, ಇಬ್ಬರೂ ಸಶರೀರ ಬಂದರು. ಮಾವ ಬೆಚ್ಚಿ ಫೋನನ್ನು ನೆಟ್ಟಗೆ ಮಾಡಿದರು. ಇಬ್ಬರೂ ಹೋದರು. ಅಡ್ಡ ಮಾಡಿದರು. ಬಂದರು. ಸದಸ್ಯರೆಲ್ಲ ತಂತಮ್ಮ ಫೋನು ತೆಗೆದು ಅಡ್ಡ ಉದ್ದ ಮಾಡಿ ನೋಡಿದರು. ಅಡ್ಡ ಹಿಡಿದರೆ ಇದ್ದಾರೆ, ಉದ್ದ ಹಿಡಿದರೆ ಇಲ್ಲ. ಅಲ್ಲಿಗೆ ಎರಡು ಪಕ್ಷವಾಯಿತು. ಫೋನನ್ನು ಉದ್ದಕ್ಕೆ ಹಿಡಿಯುವುದೇ ನ್ಯಾಯ ಎಂದರು ಕೆಲವರು. ಅಡ್ಡಕ್ಕಾದರೂ ಇದ್ದಾರಲ್ಲ, ತೃಪ್ತಿಪಡಬೇಕು ಎಂದರು ಕೆಲವರು. ಎರಡೂ ಪಕ್ಷ ಒಪ್ಪಿದ ಒಂದೇ ಸಂಗತಿ ಏನೆಂದರೆ, ಹೇಗೆ ಹಿಡಿದರೂ ಅಳಿಯ ಇದ್ದಾನೆ.

ಗಾಯದ ಮೇಲೆ ಉಪ್ಪು ಬೀಳುವುದು ಬಾಕಿಯಿತ್ತು. ಅದೇ ಹೊತ್ತಿಗೆ ಜೇನಿನ ಗುಣಮಟ್ಟ ನೋಡಲು ಇಲಾಖೆಯ ಅಧಿಕಾರಿ ಬಂದರು. ಈ ವೃತ್ತಕ್ಕೆ ಹೊಸಬರು, ವಿನಯದ ಮನುಷ್ಯ. ಬರುವ ದಾರಿಯಲ್ಲಿ ಸಂಘದ ವಿಷಯ ಓದಿಕೊಂಡು ಬಂದಿದ್ದರು. ಬಾಗಿಲ ಬಳಿ ನಿಂತಿದ್ದ ಮಾವನನ್ನು, ಸ್ವಲ್ಪ ದಾರಿ ಬಿಡಿ ಯಜಮಾನರೇ ಎಂದು ಸರಿಸಿ, ಅಧ್ಯಕ್ಷರ ಕೈಗೆ ತಮ್ಮ ಚೀಲ ಕೊಟ್ಟು, ನೇರ ಹೋಗಿ ಅಳಿಯನ ಎರಡೂ ಕೈ ಹಿಡಿದುಕೊಂಡರು. ಸಂಘ ಹುಟ್ಟಿ ನಲವತ್ತು ವರ್ಷವಂತೆ, ನಿಮ್ಮನ್ನು ನೋಡಿದರೆ ಅಷ್ಟು ವಯಸ್ಸೇ ಕಾಣುವುದಿಲ್ಲ, ಜೇನು ತಿನ್ನುವುದರ ಗುಣವಿರಬೇಕು ಎಂದರು. ಅಳಿಯ ನೆಲ ನೋಡಿದ. ಸಿಮೆಂಟಿನ ನೆಲದಲ್ಲಿ ಒಂದು ಬಿರುಕಿತ್ತು, ಮನುಷ್ಯ ಇಳಿಯುವಷ್ಟು ಅಗಲವಿರಲಿಲ್ಲ.

ಅಧ್ಯಕ್ಷರು ಚೀಲವನ್ನು ಮೇಜಿನ ಮೇಲಿಟ್ಟು, ಮದುವೆಗೆ ಬರುವುದು ಬಿಡುವುದು ಅವರವರ ಇಷ್ಟ ಎಂದು ಗಾಳಿಗೆ ಹೇಳಿ ಹೊರಟರು. ಮಾವ ಅವರ ಬೆನ್ನು ಮರೆಯಾಗುವವರೆಗೆ ಕಾದು ಅಳಿಯನ ಕಡೆ ತಿರುಗಿದರು.

“ನಿಮ್ಮತ್ತೆಗೆ ಹೇಳು, ಪೆಟ್ಟಿಗೆ ಬಿಚ್ಚಲಿ.”

ಹೇಳಬೇಕಾಗಲಿಲ್ಲ. ಇಂಥ ಸುದ್ದಿಗೆ ರಸ್ತೆ ಬೇಡ. ಅಳಿಯ ಮನೆಗೆ ಬರುವ ಹೊತ್ತಿಗೆ ಅತ್ತೆ ಪೆಟ್ಟಿಗೆಯ ಮುಂದೆ ಕೂತು ಮಡಚಿ ಇಟ್ಟಿದ್ದ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದರು. ಮದುಮಗಳಿಗೆಂದು ತಾವೇ ಹೊಲಿದ ದಿಂಬಿನ ಚೀಲ ಕೈಗೆ ಬಂದಾಗ ಅದನ್ನು ಬಿಡಿಸಿ ನೋಡಿ, ಮತ್ತೆ ಅದೇ ಮಡಿಕೆಗೆ ಮಡಚಿದರು. ಅಳಿಯನನ್ನು ಕಂಡು, ಊಟ ಮುಚ್ಚಿಟ್ಟಿದ್ದೀನಿ, ಕೈ ತೊಳ್ಕೊಳ್ಳಿ ಎಂದರು. ಬೈದಿದ್ದರೆ ಅವನಿಗೆ ಒಂದಿಷ್ಟು ಊಟ ಸೇರುತ್ತಿತ್ತು. ಹೆಂಡತಿ ಮಾತ್ರ ತಟ್ಟೆಯನ್ನು ಮುಂದಿಟ್ಟ ಸದ್ದಿನಲ್ಲೇ ಹೇಳಬೇಕಾದ್ದನ್ನು ಹೇಳಿ ಒಳಗೆ ಹೋದಳು.

ಬೆಳಿಗ್ಗೆ ಅಳಿಯ ಇಬ್ಬರನ್ನೂ ಸಂಘದ ಅಂಗಳಕ್ಕೆ ಕರೆಸಿದ. ಅವರು ಬಂದದ್ದು ರಾಜಿಗಲ್ಲ, ಎದುರಿನವನು ಏನು ಸುಳ್ಳು ಹೇಳುತ್ತಾನೆ ನೋಡೋಣ ಎಂದು. ಸದಸ್ಯರು ಕರೆಯದೆಯೇ ಬಂದರು. ಕ್ಷೌರದವನು ಅಂಗಡಿ ಮುಚ್ಚಿ ಬಂದ. ಅಳಿಯ ಡ್ರಮ್ಮನ್ನು ಹಿಡಿದುಕೊಂಡು ನಿಂತ, ಈ ಸಲ ನಿಜವಾಗಿಯೂ ಆಸರೆಗೆ.

“ಯಾರೂ ನನಗೆ ಹೇಳಿಕೊಡಲಿಲ್ಲ,” ಎಂದ. “ನನಗೆ ಕಂಪ್ಯೂಟರ್ ಬರಲ್ಲ.”

ಯಾರೂ ನಂಬಲಿಲ್ಲ. ಮಾವನನ್ನು ಉಳಿಸಲು ಹೀಗೆ ಹೇಳುತ್ತಿದ್ದಾನೆ ಎಂದರು ಅಧ್ಯಕ್ಷರ ಕಡೆಯವರು. ಅಧ್ಯಕ್ಷರಿಗೆ ಹೆದರಿದ್ದಾನೆ ಎಂದರು ಮಾವನ ಕಡೆಯವರು. ಕೊನೆಗೆ ಅಧ್ಯಕ್ಷರೇ ಕಣ್ಣು ಕಿರಿದು ಮಾಡಿ ಕೇಳಿದರು:

“ಮತ್ತೆ ಆವತ್ತು ಪ್ರಿಂಟರಿಂದ ಕಾಗದ ತೆಗೆದೆಯಲ್ಲ?”

“ಎಳೆದೆ. ಬಂತು.”

“ಅಷ್ಟೇನಾ?”

“ಅಷ್ಟೇ ಅಧ್ಯಕ್ಷರೇ.”

ಊರಿನಲ್ಲಿದ್ದ ಒಂದೇ ಒಂದು ವಿದ್ಯೆ ಕಣ್ಣೆದುರಿಗೇ ಪ್ರಾಣ ಬಿಟ್ಟ ಹಾಗೆ ಜನ ನಿಂತರು. ಯಾರೋ ಹಿಂದಿನಿಂದ, ನಮ್ಮ ಮನೆ ರೇಡಿಯೋ ಬಿಚ್ಚಿದ್ದನಲ್ಲ, ಅದಕ್ಕೇ ಅದು ಆಮೇಲೆ ಮಾತಾಡಲೇ ಇಲ್ಲ ಎಂದರು. ಇನ್ನೊಬ್ಬರಿಗೆ ಗಡಿಯಾರ ನೆನಪಾಯಿತು. ಮಾವ ಮಾತ್ರ ಭಾವಮೈದುನನ ಮುಖ ನೋಡಿದರು. ಬಹಳ ಕಾಲದ ಮೇಲೆ ಅವರು ಆ ಮುಖವನ್ನು ನೇರ ನೋಡಿದ್ದು. ಇಬ್ಬರಿಗೂ ಒಂದೇ ಸಂಗತಿ ಹೊಳೆದಿತ್ತು: ನಮ್ಮಿಬ್ಬರನ್ನೂ ಕತ್ತರಿಸಲು ಬುದ್ಧಿ ಬೇಕು, ಇವನಲ್ಲಿ ಅಷ್ಟಿಲ್ಲ.

ಸರಿಮಾಡಲು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದ. ಪೇಟೆಯವನನ್ನು ಕೇಳಿದ್ದಾಯಿತು, ಅವನಿಗೆ ಬಿಡುವಾಗುವುದು ಮದುವೆ ಕಳೆದ ಮೇಲಂತೆ. ಒಂದೇ ಒಂದು ಉಪಾಯ ಇದೆ ಎಂದ ಅಳಿಯ, ಎರಡು ಅಂಗೈಗಳನ್ನು ಎದುರುಬದುರು ಹಿಡಿದು ತೋರಿಸಿದ.

“ನೀವಿಬ್ಬರೂ ಇಷ್ಟು ಹತ್ತಿರ ನಿಂತರೆ ಹಿಡಿಸುತ್ತೆ.”

ಅಂಗೈಗಳ ನಡುವೆ ಒಂದು ಫೋನಿನಷ್ಟು ಜಾಗವಿತ್ತು. ಇಬ್ಬರೂ ಅದನ್ನು ಬೇಲಿಯ ಸಂದು ನೋಡುವ ಎತ್ತುಗಳಂತೆ ನೋಡಿದರು.

ಬೇರೆ ಬೇರೆ ಎರಡು ಜೇನು ಕುಟುಂಬಗಳನ್ನು ಒಂದು ಪೆಟ್ಟಿಗೆಗೆ ಸೇರಿಸುವ ಕ್ರಮ ಬಲ್ಲವರಿಗೆ ಗೊತ್ತು. ನೇರ ಸೇರಿಸಿದರೆ ಕಡಿದಾಡಿ ಸಾಯುತ್ತವೆ. ನಡುವೆ ಒಂದು ಹಾಳೆ ಹಳೆಯ ಪತ್ರಿಕೆ ಇಡಬೇಕು. ಎರಡೂ ಕಡೆಯ ಹುಳುಗಳು ಅದನ್ನು ಕಚ್ಚಿ ಕಚ್ಚಿ ಹರಿಯುತ್ತವೆ, ಹರಿದು ಮುಗಿಯುವಷ್ಟರಲ್ಲಿ ವಾಸನೆ ಒಂದಾಗಿರುತ್ತದೆ. ಅಂದು ಅಂಗಳದಲ್ಲಿ ನಡುವೆ ಇಡಲು ಪತ್ರಿಕೆ ಇರಲಿಲ್ಲ. ಅಳಿಯನ ಮಾನ ಇತ್ತು. ಇವನಿಗೆ ಮಗಳನ್ನು ಕೊಡುವಾಗಲೇ ನಾನು ಬೇಡ ಅಂದಿದ್ದೆ ಭಾವ ಎನ್ನುತ್ತ ಅಧ್ಯಕ್ಷರು ಒಂದು ಹೆಜ್ಜೆ ಸರಿದರು. ನೀನು ಹೇಳಿದ್ದು ಕೇಳಬೇಕಿತ್ತು ಎನ್ನುತ್ತ ಮಾವ ಒಂದು ಹೆಜ್ಜೆ ಸರಿದರು. ರೇಡಿಯೋ ವಿಷಯ ನಿನಗೆ ಗೊತ್ತಿತ್ತಾ? ಗಡಿಯಾರವೂ ಇವನೇ? ಒಂದೊಂದು ಕಡಿತಕ್ಕೂ ಒಂದೊಂದು ಹೆಜ್ಜೆ. ಕೊನೆಗೆ ಭುಜಕ್ಕೆ ಭುಜ ತಾಗಿತು. ಹೊಟ್ಟೆಗೆ ಹೊಟ್ಟೆ ಅದಕ್ಕೂ ಮೊದಲೇ ತಾಗಿತ್ತು. ಮೇಷ್ಟ್ರು ಫೋನನ್ನು ಉದ್ದಕ್ಕೆ ಹಿಡಿದು ತಲೆಯಿಂದ ಕಾಲವರೆಗೆ ತೆಗೆದರು. ಅಳಿಯ ಬಹಳ ದೂರದಲ್ಲಿ, ಪಾಯಖಾನೆಯ ಗೋಡೆಯ ಹತ್ತಿರ ನಿಂತಿದ್ದ.

ಹಳೆಯದನ್ನು ತೆಗೆದು ಹೊಸದನ್ನು ಏರಿಸುವುದು ಅವನಿಗೆ ಬರುತ್ತಿತ್ತು. ಏರಿಸಿದ. ಊರಿನ ಫೋನುಗಳಲ್ಲೆಲ್ಲ ಭಾವ ಭಾವಮೈದುನ ಅಂಟಿಕೊಂಡು ಬಂದರು. ಮಾವ ಮನೆಗೆ ಹೋಗಿ, ಇನ್ನೂ ಯಾಕೆ ಪೆಟ್ಟಿಗೆ ಹಾಗೇ ಇದೆ, ಹೊತ್ತಾಗಲ್ವಾ ಎಂದು ಹೆಂಡತಿಯ ಮೇಲೆಯೇ ರೇಗಿದರಂತೆ.

ಎಲ್ಲರೂ ಹೋದ ಮೇಲೆ ಅಳಿಯ ಕಚೇರಿಯಲ್ಲಿ ಒಬ್ಬನೇ ಕೂತು ಕಂಪ್ಯೂಟರಿನ ಕಡೆ ತಿರುಗಿದ. ಹುಳು, ಬಾಟಲಿ, ಪೆಟ್ಟಿಗೆ ಹೋದವು. ಆಮೇಲೆ ಬಂದದ್ದು ಹೊಟ್ಟೆಗಳು. ಉದ್ದದ ಚಿತ್ರ ಅಗಲದ ಪರದೆಯನ್ನು ತುಂಬಲು ಹೋಗಿ ಮೇಲೂ ಕೆಳಗೂ ಕಳೆದುಕೊಂಡಿತ್ತು. ತಲೆಯಿಲ್ಲ, ಕಾಲಿಲ್ಲ. ಪರದೆಯ ಆ ಅಂಚಿನಿಂದ ಈ ಅಂಚಿನವರೆಗೆ ಒತ್ತಿಕೊಂಡು ನಿಂತ ಎರಡು ಹೊಟ್ಟೆ. ಮಾವನ ಅಂಗಿಯ ಒಂದು ಗುಂಡಿ ಕಿತ್ತುಹೋಗಿದ್ದು ಫೋನಿನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಲ್ಲಿ ಆ ಸಂದಿನಿಂದ ಹೊಕ್ಕುಳು ತಟ್ಟೆಯಷ್ಟಗಲ ಇಣುಕುತ್ತಿತ್ತು. ಕೆಳಗೆ, ‘ಸಂಘವನ್ನು ಕಟ್ಟಿ ಬೆಳೆಸಿದ ಹಿರಿಯರು.’

ಅಳಿಯನಿಗೆ ಬೆವರು ಬಿಟ್ಟಿತು. ಅಷ್ಟರಲ್ಲೇ ಬಾಗಿಲಲ್ಲಿ ಅತ್ತೆ. ಒಳ್ಳೆಯ ಬಟ್ಟೆ ಉಟ್ಟಿದ್ದರು, ತಲೆ ಬಾಚಿ ಬಿಗಿಯಾಗಿ ಕಟ್ಟಿದ್ದರು. ಹೊರಗೆ ತಮ್ಮನ ಗಾಡಿ ನಿಂತಿತ್ತು, ಪೆಟ್ಟಿಗೆ ಅದರಲ್ಲಿ ಏರಿತ್ತು. ಅಧ್ಯಕ್ಷರೂ ಮಾವನೂ ಗಾಡಿಯ ಪಕ್ಕದಲ್ಲಿ ನಿಂತು ಪೆಟ್ಟಿಗೆಗೆ ಹಗ್ಗ ಯಾವ ಗಂಟು ಹಾಕಬೇಕು ಎಂದು ಚರ್ಚೆ ಮಾಡುತ್ತಿದ್ದರು, ಇಬ್ಬರ ಕೈಯೂ ಒಂದೇ ಹಗ್ಗದ ಮೇಲಿತ್ತು.

“ಹೊರಟೆ,” ಎಂದರು ಅತ್ತೆ. “ಆ ಫೋಟೋ ನೋಡಿ ಹೋಗೋಣ ಅಂತ ಬಂದೆ. ಫೋನಲ್ಲಿ ನನ್ನ ಕಣ್ಣಿಗೆ ಇರುವೆ ಇದ್ದ ಹಾಗೆ ಕಾಣುತ್ತೆ. ದೊಡ್ಡದರಲ್ಲಿ ತೋರಿಸಿ. ಅವರಿಬ್ಬರನ್ನೂ ಕರೀತೀನಿ ಇರಿ, ಅವರೂ ನೋಡಿಲ್ಲ.”

ಪರದೆಯಲ್ಲಿ ಪೆಟ್ಟಿಗೆಗಳು ಬಂದಿದ್ದವು. ಪೆಟ್ಟಿಗೆಗಳ ಮುಂದಿನದು ಯಾವುದೆಂದು ಅಳಿಯನಿಗೆ ಗೊತ್ತಿತ್ತು. ಅವನ ಕೈ ತಾನಾಗಿ ಹೋಗಿ ಪರದೆಯ ಗುಂಡಿ ಒತ್ತಿತು. ಕಪ್ಪಾಯಿತು.

“ಕರೆಂಟಿಲ್ಲ ಅತ್ತೆ,” ಎಂದ.

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಹಳೆಯ ಫ್ಯಾನು, ಒಂದೊಂದು ಸುತ್ತಿಗೂ ಕಿರ್ ಎನ್ನುವುದು. ಅತ್ತೆ ತಲೆಯೆತ್ತಿ ಅದನ್ನು ನೋಡಿದರು. ಆಮೇಲೆ ಅಳಿಯನ ಮುಖ ನೋಡಿದರು. ಕಿವಿಯ ತುದಿಯವರೆಗೆ ಕೆಂಪಾಗಿದ್ದ ಆ ಮುಖ ಮೇಜಿನ ಮೇಲಿನ ಒಂದು ಗುಂಡುಸೂಜಿಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿತ್ತು. ಗಾಳಿಗೆ ಅತ್ತೆಯ ಕಿವಿಯ ಹತ್ತಿರದ ಒಂದು ಎಳೆ ಕೂದಲು ಹಾರಿತು. ಅದನ್ನು ಹಿಂದಕ್ಕೆ ಸಿಕ್ಕಿಸಿಕೊಂಡರು.

“ಎಲ್ಲಿ, ದೊಡ್ಡದರಲ್ಲಿ ನಾವೂ ನೋಡೋಣ,” ಎನ್ನುತ್ತ ಅಧ್ಯಕ್ಷರು ಮೆಟ್ಟಿಲು ಹತ್ತುವ ಸದ್ದಾಯಿತು. ಹಿಂದೆಯೇ ಮಾವನ ಚಪ್ಪಲಿ.

ಅತ್ತೆ ಹೋಗಿ ಬಾಗಿಲಿಗೆ ಅಡ್ಡವಾಗಿ ನಿಂತರು.

“ನಡೀರಿ ನಡೀರಿ,” ಎಂದರು ತಮ್ಮನಿಗೂ ಗಂಡನಿಗೂ ಸೇರಿಸಿ. “ಕರೆಂಟಿಲ್ಲ. ನಾನೇ ನೋಡಿದೆ.”